ದನದ ಡಾಕ್ಟರ ಮನೆ ನೋಡಿ ಬಂದೆವು

ಲೀಡ್ಸ್, ಏಪ್ರಿಲ್ 24

ತೀರ್ಥರೂಪ ಅಪ್ಪನವರಿಗೆ ಮತ್ತು ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಕ್ಕಳಿಗೆ ನಾಡಿದ್ದು ಸ್ಕೂಲು ಶುರು. ಈ ವಿಷಯ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಅಪ್ಪ, ಹೋದ ಚಳಿಗಾಲದಲ್ಲಿ ನೀವಿಬ್ಬರೂ ಇಲ್ಲಿದ್ದಾಗ ರಾತ್ರಿ ಊಟ ಆದ ಮೇಲೆ ಒಂದು ಸೀರಿಯಲ್ ನೋಡುತ್ತಿದ್ದೆವಲ್ಲ, 'ಆಲ್ ಕ್ರೀಚರ್ಸ್ ಗ್ರೇಟ್ ಅಂಡ್ ಸ್ಮಾಲ್', ಇಲ್ಲಿಯ ಹಳ್ಳಿ ಕಡೆಯ ಒಬ್ಬ ದನದ ಡಾಕ್ಟರ ಕಥೆ? ಮಾತು ಪೂರ್ತಿ ಅರ್ಥವಾಗದಿದ್ದರೂ ಅಮ್ಮ ಒಂದು ಕಂತೂ ತಪ್ಪಿಸಲಿಲ್ಲ. ಹಸು ಕರು ಹಾಕುವ ದೃಶ್ಯ ಬಂದರೆ ನೀವು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಿರಿ. "ಹಾಗೆ ಎಳೀಬಾರದು, ಮೊದಲು ಕರುವಿನ ತಲೆ ಸರಿ ಮಾಡ್ಕೋಬೇಕು" ಅನ್ನುತ್ತಿದ್ದಿರಿ. ಈ ಈಸ್ಟರ್ ರಜೆಯಲ್ಲಿ ಅದನ್ನು ಚಿತ್ರೀಕರಿಸಿದ ಊರುಗಳಿಗೇ ಹೋಗಿ ಮೂರು ದಿನ ಇದ್ದು ಬಂದೆವು.

ಮೊದಲು ಗ್ರಾಸಿಂಗ್ಟನ್. ಸೀರಿಯಲ್‌ನ ಡ್ಯಾರೋಬಿ ಎಂಬ ಊರು ನಿಜಕ್ಕೂ ಎಲ್ಲೂ ಇಲ್ಲ. 2020ರಲ್ಲಿ ಶುರುವಾದ ಈ ಹೊಸ ಸೀರಿಯಲ್‌ಗೆ ಗ್ರಾಸಿಂಗ್ಟನ್ ಅನ್ನೇ ಡ್ಯಾರೋಬಿ ಮಾಡಿಕೊಂಡಿದ್ದಾರೆ. ಚಿಕ್ಕ ಚೌಕ, ಕಲ್ಲು ಹಾಸಿದ ನೆಲ, ಸುತ್ತ ಬೂದು ಕಲ್ಲಿನ ಮನೆಗಳು. ಶೂಟಿಂಗ್ ಬಂದಾಗ ಅಂಗಡಿಗಳ ಬೋರ್ಡು ಬದಲಾಗುತ್ತವೆ. ಪುಸ್ತಕದ ಅಂಗಡಿ ತರಕಾರಿ ಅಂಗಡಿಯಾಗುತ್ತದೆ, ಡೆವನ್‌ಶೈರ್ ಎಂಬ ಪಬ್ಬು ಡ್ರೋವರ್ಸ್ ಆರ್ಮ್ಸ್ ಆಗುತ್ತದೆ. ಡಾಕ್ಟರ ಮನೆಯಾಗಿ ತೋರಿಸುವುದು ಯಾರೋ ವಾಸವಿರುವ ಮನೆ. ಹಾಗಾಗಿ ಬೀದಿಯಿಂದಲೇ ನೋಡಿದೆವು. ಒಳಗಿನ ಕೋಣೆಗಳೆಲ್ಲ ಬೇರೆ ಕಡೆ ಹಾಕಿದ ಸೆಟ್ ಅಂದಾಗ ಚಿಕ್ಕವನ ಮುಖ ಸಣ್ಣದಾಯಿತು. ನನಗೆ ಆಗುಂಬೆಯ ದೊಡ್ಡಮನೆ ನೆನಪಾಯಿತು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದ ಮನೆ ಅಂತ ನೀವು ನಮ್ಮನ್ನು ಕರೆದುಕೊಂಡು ಹೋದಾಗ ಆ ಕಂಬ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆ, ಅಲ್ವಾ?

ಮಾರನೇ ದಿನ ಆಸ್ಕ್ರಿಗ್‌ಗೆ ಹೋದೆವು. ದಾರಿಯುದ್ದಕ್ಕೂ ಗಾರೆ ಹಾಕದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅದರೊಳಗೆ ಈಗಷ್ಟೇ ಹುಟ್ಟಿದ ಕುರಿಮರಿಗಳು. ಇದೇ ಕಥೆಯ ಬಿಬಿಸಿಯ ಹಳೆಯ ಸೀರಿಯಲ್, 1978ರಿಂದ 1990ರವರೆಗೆ ಬಂದದ್ದು, ಇಲ್ಲಿ ತೆಗೆದದ್ದು. ಆಗ ಡಾಕ್ಟರ ಪಾತ್ರ ಮಾಡಿದ ಕ್ರಿಸ್ಟೋಫರ್ ಟಿಮೊಥಿ ನಿಜವಾದ ಹಸುವಿನೊಳಗೇ ಕೈ ಹಾಕಿದ್ದರಂತೆ. ಈಗ ಅಂಥ ದೃಶ್ಯಕ್ಕೆ ಮಾದರಿ ಮಾಡಿಸಿ ಇಡುತ್ತಾರೆ. "ಇದು ಹಸುವಲ್ಲ, ಬೊಂಬೆ" ಅಂತ ನೀವು ಅವತ್ತೇ ಕಂಡುಹಿಡಿದಿದ್ದಿರಿ.

ಆದರೆ ನಿಮಗೆ ಹೇಳಲೇಬೇಕಾದದ್ದು ಥರ್ಸ್ಕ್ ಬಗ್ಗೆ. ಕಥೆ ಬರೆದ ಡಾಕ್ಟರ ನಿಜವಾದ ಹೆಸರು ಆಲ್ಫ್ ವೈಟ್. ಗ್ಲಾಸ್ಗೋದಲ್ಲಿ ಓದಿ 1940ರಲ್ಲಿ ಥರ್ಸ್ಕ್‌ಗೆ ಬಂದವರು. ಆಗ ಪಶುವೈದ್ಯರು ತಮ್ಮ ಪ್ರಚಾರ ಮಾಡಿಕೊಳ್ಳುವ ಹಾಗಿರಲಿಲ್ಲ. ಅದಕ್ಕೇ ಒಬ್ಬ ಫುಟ್‌ಬಾಲ್ ಗೋಲ್‌ಕೀಪರನ ಹೆಸರು ಎರವಲು ಪಡೆದು ಜೇಮ್ಸ್ ಹೆರಿಯಟ್ ಅಂತ ಬರೆದರು. ಕಿರ್ಕ್‌ಗೇಟ್ ಬೀದಿಯ 23ನೇ ನಂಬರಿನ ಅವರ ಆಸ್ಪತ್ರೆ ಮತ್ತು ಮನೆ ಈಗ ಮ್ಯೂಸಿಯಂ. ಹಳೆ ಸೀರಿಯಲ್‌ನ ಸೆಟ್ಟು, ಕಾರು ಎಲ್ಲ ಅಲ್ಲಿವೆ. ಮಕ್ಕಳು ಕಾರಿನ ಹತ್ತಿರವೇ ಉಳಿದರು. ನಾನು ಔಷಧದ ಕೋಣೆಯ ಮುಂದೆ ನಿಂತೆ.

ಗೋಡೆ ತುಂಬ ಗಾಜಿನ ಬಾಟಲಿಗಳು. ಕೆಳಗೆ ಹಳೆಯ ಸಲಕರಣೆಗಳು. ನಮ್ಮ ಮನೆಯ ಜಗಲಿ ಕಂಡ ಹಾಗಾಯಿತು, ಅಪ್ಪ. ರಾತ್ರಿ ಯಾರೋ ಲಾಟೀನು ಹಿಡಿದು "ಡಾಕ್ಟ್ರೇ, ಕರು ಅಡ್ಡ ಸಿಕ್ಕಿದೆ" ಅಂತ ಕೂಗುತ್ತಿದ್ದುದು, ಆ ಮಳೆಯಲ್ಲಿ ನೀವು ಎಂ80 ಹತ್ತಿ ಹೋಗುತ್ತಿದ್ದುದು. ಕರು ಹಾಕಿ ಮೇಲೇಳದೆ ಬಿದ್ದ ಹಸುವಿಗೆ ನೀವು ಕ್ಯಾಲ್ಸಿಯಂ ಬಾಟಲಿ ಏರಿಸಿದ್ದನ್ನು ಒಂದು ಸಲ ನಾನೂ ನೋಡಿದ್ದೆ. ಸತ್ತೇ ಹೋಯಿತು ಅಂತ ಮನೆಯವರು ಅಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಎದ್ದು ನಿಂತು ಕರುವನ್ನು ನೆಕ್ಕಿತು. ಮರುದಿನ ಅವರು ಗಿಣ್ಣದ ಹಾಲು ತಂದುಕೊಟ್ಟರು.

ಸ್ಕೂಲಲ್ಲಿ "ದನದ ಡಾಕ್ಟ್ರ ಮಗಳು" ಅಂತ ಕರೆದರೆ ನನಗೆ ನಾಚಿಕೆಯಾಗುತ್ತಿತ್ತು. ನಿಮಗೆ ಯಾವತ್ತೂ ಹೇಳಿರಲಿಲ್ಲ. ಥರ್ಸ್ಕ್‌ನಲ್ಲಿ ಒಬ್ಬ ದನದ ಡಾಕ್ಟರ ಗಂಬೂಟು ನೋಡಲು ಜನ ಟಿಕೆಟ್ ತೆಗೆದುಕೊಂಡು ಬರುತ್ತಾರೆ, ಸುಮ್ಮನೆ ನಿಂತು ನೋಡುತ್ತಾರೆ. ಅಲ್ಲಿದ್ದ ಒಬ್ಬ ಅಜ್ಜಿಗೆ ನಾನಾಗಿಯೇ ಹೇಳಿದೆ, ನಮ್ಮಪ್ಪನೂ ಇದೇ ಕೆಲಸ ಮಾಡಿದವರು ಅಂತ. ಅವರು ನನ್ನ ಕೈ ಹಿಡಿದುಕೊಂಡು ಎಲ್ಲಿ, ಎಷ್ಟು ವರ್ಷ ಅಂತ ವಿಚಾರಿಸಿದರು. ಮೂವತ್ತೊಂದು ವರ್ಷ, ತೀರ್ಥಹಳ್ಳಿ ಕಡೆ ಅಂದೆ.

ನಿಮ್ಮ ಕಂದು ಚರ್ಮದ ಚೀಲ ಇನ್ನೂ ಅಟ್ಟದ ಮೇಲೇ ಇದೆಯಲ್ಲ? ಅಮ್ಮಾ, ಅಟ್ಟ ಗುಡಿಸುವಾಗ ಅದನ್ನು ಗುಜರಿಗೆ ಕೊಡಬೇಡಿ. ಗೆದ್ದಲು ಹಿಡಿದಿದೆಯಾ ನೋಡಿ, ಒಂದು ದಿನ ಬಿಸಿಲಿಗೆ ಇಡಿ. ಡಿಸೆಂಬರಿಗೆ ನಾವು ಬರುತ್ತೇವೆ. ಒಳಗಿರುವ ಹಗ್ಗ, ಸಿರಿಂಜು ಎಲ್ಲ ಅಪ್ಪನೇ ತೆಗೆದು ಮಕ್ಕಳಿಗೆ ತೋರಿಸಬೇಕು.

ಇಂತಿ ನಿಮ್ಮ ಮಗಳು