ಜುಟ್ಟಿಗೊಂದು ಮಾತ್ರೆ

ಲೋ ಬಕೆಟ್,

ನಿನಗೆ ವಾಟ್ಸಾಪಿನಲ್ಲೇ ಬರೆಯಬಹುದಿತ್ತು. ಅಲ್ಲಾದರೆ ಒಂದು ಹಳದಿ ನಗುಮುಖ ಕಳಿಸಿ ಸುಮ್ಮನಾಗುತ್ತೀಯ. ನಾಲ್ಕು ಜನರ ಎದುರು ಕೇಳಿದರೆ ಉತ್ತರ ಕೊಡಲೇಬೇಕು, ಅಲ್ವಾ? (ಉಳಿದವರು ಓದಿ, ನಗಬೇಡಿ. ಮನೆಯೊಳಗೂ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರು ಯಾರ್ಯಾರು ಅಂತ ನನಗೂ ಗೊತ್ತು.)

ಹೋದ ಸಲ ಊರಲ್ಲಿ ಸಿಕ್ಕಾಗ ನೀನು "ತಲೆ ತುಂಬಿದೆಯಲ್ಲೋ, ಯಾವ ಎಣ್ಣೆ?" ಅಂತ ಕೇಳಿದ್ದೆ. ಅಮ್ಮ ಕಾಯಿಸಿದ ಗರುಗದ ಸೊಪ್ಪಿನ ಎಣ್ಣೆ ಅಂದುಬಿಟ್ಟೆ. ಸುಳ್ಳು ಕಣೋ. ಹದಿನಾಲ್ಕು ತಿಂಗಳಿಂದ ದಿನಾ ರಾತ್ರಿ ಊಟವಾದ ಮೇಲೆ ಕೂದಲು ಉದುರದಿರಲಿ ಅಂತ ಫಿನಾಸ್ಟರೈಡ್ ಅನ್ನೋ ಮಾತ್ರೆ ನುಂಗುತ್ತಿದ್ದೇನೆ, 1 ಮಿಲಿಗ್ರಾಂ. ಅದಕ್ಕೂ ಮುಂಚೆ ಮೂರು ವರ್ಷ ಬೆಂಗಳೂರಿನ ಬೋರ್ ನೀರಿಗೆ ಬೈದುಕೊಂಡು ಕಳೆದೆ. ಪಾಪ, ನೀರಿನ ತಪ್ಪೇನೂ ಇರಲಿಲ್ಲ. ನಮ್ಮ ಟೆಸ್ಟೋಸ್ಟೆರಾನಿನಲ್ಲಿ ಒಂದು ಪಾಲು ಡಿಎಚ್‌ಟಿ ಅನ್ನೋ ಇನ್ನೊಂದು ಹಾರ್ಮೋನ್ ಆಗುತ್ತದಂತೆ, ವಂಶದಲ್ಲಿ ಇದ್ದವರಿಗೆ ನೆತ್ತಿಯ ಬೇರುಗಳನ್ನು ಸೊರಗಿಸುವುದು ಅದೇ. ಅದು ತಯಾರಾಗುವುದನ್ನೇ ಈ ಮಾತ್ರೆ ಕಮ್ಮಿ ಮಾಡುತ್ತದೆ. ಮೊದಲೆರಡು ತಿಂಗಳು ಇನ್ನೂ ಜಾಸ್ತಿ ಉದುರಿತು, ಬೆಳಗ್ಗೆ ಎದ್ದು ದಿಂಬಿನ ಮೇಲೆ ಎಣಿಸುತ್ತಿದ್ದೆ. ಆಮೇಲೆ ನಿಂತಿತು. ಆದರೆ ಮಾತ್ರೆ ಬಿಟ್ಟರೆ ವರ್ಷದೊಳಗೆ ಉಳಿಸಿಕೊಂಡದ್ದೂ ಹೋಗುತ್ತದೆ. ಕೊನೆಯ ಕಂತೇ ಇಲ್ಲದ ಇಎಂಐ.

ಹೋದ ತಿಂಗಳು ಅಪ್ಪನ ವಾರದ ಮಾತ್ರೆ ಡಬ್ಬಿ ತುಂಬುತ್ತಾ ಕೂತಿದ್ದೆ. ಬಿಪಿಯದು, ಶುಗರಿನದು, ಆಮೇಲೆ ಪ್ರಾಸ್ಟೇಟಿನದು, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯದು. ಅದರ ಹಾಳೆ ತಿರುಗಿಸಿದರೆ ಫಿನಾಸ್ಟರೈಡ್! 5 ಮಿಲಿಗ್ರಾಂ. ಹುಡುಕಿ ಓದಿದೆ. ಅಮೆರಿಕದಲ್ಲಿ 1992ರಲ್ಲಿ ಇದು ಬಂದದ್ದೇ ಪ್ರಾಸ್ಟೇಟಿಗೆ, ಕೂದಲಿಗೆ ಅಂತ ಒಪ್ಪಿಗೆ ಸಿಕ್ಕದ್ದು 1997ರಲ್ಲಿ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು ತಪ್ಪಲಿ ಅಂತ ಅಪ್ಪ ನನ್ನ ಐದರಷ್ಟು ನುಂಗುತ್ತಿದ್ದಾರೆ. ನಂದು ಜುಟ್ಟಿಗೆ ಮಲ್ಲಿಗೆ ಹೂವಿನ ಕಥೆ.

"ಇದು ಯಾತಕ್ಕೋ?" ಅಂತ ಕೇಳಿದರು. "ರಾತ್ರಿಗೆ" ಅಂದೆ. ಟ್ಯೂಬ್‌ಲೈಟಿನ ಕೆಳಗೆ ಅವರ ತಲೆ ಮಿನುಗುತ್ತಿತ್ತು. ಚಿಕ್ಕವನಿದ್ದಾಗ ಅವರ ಹೆಗಲ ಮೇಲೆ ಕೂತು ತಬಲಾ ಬಾರಿಸುತ್ತಿದ್ದ ತಲೆ. ಅದೇ ತಲೆ ನನಗೆ ಬರಬಾರದು ಅಂತ ನಾನು ದಿನಾ ಮಾತ್ರೆ ನುಂಗುತ್ತಾ... ಬಿಡು.

ಅಡ್ಡ ಪರಿಣಾಮದ ವಿಷಯದಲ್ಲಿ ನೀನು ಕೇಳುವುದು ಒಂದೇ ಅಂತ ಗೊತ್ತು. ಅದು ಕೆಲವರಿಗೆ ಆಗುತ್ತದೆ, ನನಗೆ ಆಗಿಲ್ಲ, ಮುಂದೆ ಹೋಗೋಣ. ಆದರೆ ಮನಸ್ಸು ಕುಗ್ಗಬಹುದು ಅಂತಲೂ ಇದೆ. 2025ರಲ್ಲಿ ಯುರೋಪಿನ ಔಷಧ ಸಂಸ್ಥೆಯವರು ಸಾಯುವ ಯೋಚನೆಯೂ ಬರಬಹುದು ಅಂತ ಖಚಿತ ಮಾಡಿದರು. ನನಗೆ ಅಂಥದ್ದೇನೂ ಬಂದಿಲ್ಲ, ಗಾಬರಿ ಆಗಬೇಡ. ಆದರೆ ಯುಗಾದಿ ಆದಾಗಿನಿಂದ ಎಲ್ಲಾ ಸಪ್ಪೆ. ಆಫೀಸಿನ ಪಾರ್ಕಿಂಗಿನಲ್ಲಿ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಹತ್ತು ಹದಿನೈದು ನಿಮಿಷ ಹಾಗೇ ಕೂತಿರುತ್ತೇನೆ. ಒಂದು ದಿನ ಸುಮ್ನೆ ಅಳು ಬಂತು. ಗ್ಲಾಸೆಲ್ಲ ಮಂಜಾಯಿತು, ಸೆಕ್ಯುರಿಟಿಯವರು ಬಂದು "ಸಾರ್, ಗಾಡಿ ಸ್ವಲ್ಪ ಆ ಕಡೆ" ಅನ್ನುವವರೆಗೂ ಎದ್ದಿರಲಿಲ್ಲ. ಮಾತ್ರೆಯಿಂದಲೋ, ಕೆಲಸದಿಂದಲೋ, ನಾನಿರುವುದೇ ಹೀಗೋ. ಚರ್ಮದ ಡಾಕ್ಟರು ಮೂಡ್ ಹೇಗಿದೆ ಅಂತ ಕೇಳಿದರು. "ಫಸ್ಟ್ ಕ್ಲಾಸ್" ಅಂದೆ. ನಿಜ ಹೇಳಿದರೆ ಮಾತ್ರೆ ನಿಲ್ಲಿಸಿ ಅಂದುಬಿಟ್ಟರೆ? ಕೂದಲಿಗೋಸ್ಕರ ಡಾಕ್ಟರಿಗೇ ಸುಳ್ಳು ಹೇಳುವವನ ತಲೆಯಲ್ಲಿ ಮೊದಲು ಖಾಲಿಯಾಗಿರುವುದು ಮೇಲಿನದೋ ಒಳಗಿನದೋ, ನೀನೇ ಹೇಳು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಎಣ್ಣೆ ಸುಳ್ಳು ಒಪ್ಪಿಕೊಂಡು ನಿನ್ನ ಕಾಲೆಳೆದು ಮುಗಿಸೋಣ ಅಂತಿದ್ದೆ. ಶನಿವಾರ ಮತ್ತೆ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಹೆಲ್ಮೆಟ್ ವಿಷಯ ಹೇಳುತ್ತೇನೆ. ನೀನೂ ಬಾ. ನಿನ್ನ ಪಕ್ಕ ಕೂತರೆ ಪೇಷೆಂಟ್ ನೀನೇ ಅಂದುಕೊಳ್ಳುತ್ತಾರೆ.

ಸದ್ಯಕ್ಕೆ ಕೂದಲಿರುವ,
ನಿನ್ನ ಜುಟ್ಟು

ತಾ.ಕ.: ಕೆಳಗೆ ಕಾಮೆಂಟಿನಲ್ಲಿ ಮೂರನೇ ಬಕೆಟ್ಟಿನ ಕಥೆ ಎತ್ತಬೇಡ. ಅಪ್ಪ ಇದನ್ನು ಓದಿದರೂ ಓದಬಹುದು.