ಆ ತೂತು ಮುಚ್ಚಿಸಬೇಡ ಪುಟ್ಟಿ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ, ಫೋಟೋ ಎರಡೂ ತಲುಪಿದವು. ಮದುವೆಯ ವಿಷಯ, ಹೊಸ ಮನೆಯ ವಿಷಯ ಎಲ್ಲ ನಿಮ್ಮಪ್ಪ ಹೇಳಿದ್ದಾನೆ, ಅದನ್ನೆಲ್ಲ ಮತ್ತೆ ಕೆದಕುವುದಿಲ್ಲ. ಆದರೆ ಕಾಗದದ ಕೊನೆಗೆ ಬರೆದಿದ್ದೀಯಲ್ಲ, ಅದನ್ನು ಓದಿ ಮನಸ್ಸಿಗೆ ಕಸಿವಿಸಿಯಾಯಿತು. ‘ಓರಗಿತ್ತಿಗೆ ಚಿನ್ನದ ಸರ, ನನಗೆ ತೂತು ಬಿದ್ದ ಕಪ್ಪು ನಾಣ್ಯ. ಅಂಗಡಿಯವನು ಬರೀ ಬೆಳ್ಳಿ ಬೆಲೆ ಅಂದ. ಅತ್ತೆ ನನ್ನನ್ನ ಅಷ್ಟಕ್ಕೇ ತೂಗಿದ್ರಾ ದೊಡ್ಡಪ್ಪ?’ ಅಂತ ಕೇಳಿದ್ದೀಯ. ತೂತು ಮುಚ್ಚಿಸಿ ಪಾಲಿಶ್ ಹಾಕಿಸಲಾ ಅಂತಲೂ ಕೇಳಿದ್ದೀಯ.

ಮುಚ್ಚಿಸಬೇಡ. ಉಜ್ಜಲೂ ಬೇಡ. ಮಿಕ್ಕಿದ್ದನ್ನು ನಿಧಾನವಾಗಿ ಹೇಳುತ್ತೇನೆ.

ಫೋಟೋ ದೊಡ್ಡದು ಮಾಡಿಸಿಕೊಂಡು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಕಡೆ ರಾಜನ ಮುಖ, ಸುತ್ತಲೂ ನಾಲ್ಕನೇ ಕಾರ್ಲೋಸ್‌ನ ಹೆಸರು, ಕೆಳಗೆ 1796. ಇನ್ನೊಂದು ಕಡೆ ಎರಡು ಕಂಬ, ನಡುವೆ ಕಿರೀಟವಿರುವ ಸ್ಪೇನಿನ ಲಾಂಛನ. ಆ ಕಡೆಯ ಬರಹದಲ್ಲಿ ಎಂ ಅಕ್ಷರ, ಅದರ ತಲೆಯ ಮೇಲೆ ಪುಟ್ಟ ಓ. ಅದು ಮೆಕ್ಸಿಕೋ ನಗರದ ಟಂಕಸಾಲೆಯ ಗುರುತು. ಪಕ್ಕದಲ್ಲಿ 8 ಆರ್ ಅಂತಿರುವುದು ಎಂಟು ರಿಯಾಲ್, ಸ್ಪೇನಿನ ಹಳೆಯ ಹಣ. ಈ ನಾಣ್ಯವನ್ನೇ ಪೆಸೋ ಅಂತಲೂ ಸ್ಪ್ಯಾನಿಷ್ ಡಾಲರ್ ಅಂತಲೂ ಕರೆಯುತ್ತಿದ್ದರು. ಎಫ್ ಮತ್ತು ಎಂ, ಬೆಳ್ಳಿಯ ಶುದ್ಧತೆ ನೋಡುತ್ತಿದ್ದ ಇಬ್ಬರ ಅಕ್ಷರಗಳು. ಆ ಇಸವಿಗೆ ಆ ಅಕ್ಷರಗಳೇ ಬರಬೇಕು, ಬಂದಿವೆ. ಖೋಟಾ ಮಾಡುವವರು ಎಷ್ಟೋ ಸಲ ಎಡವುವುದು ಇಲ್ಲೇ. ಇಸವಿ ಒಬ್ಬ ರಾಜನದು, ಹೆಸರು ಇನ್ನೊಬ್ಬನದು ಮಾಡಿಬಿಡುತ್ತಾರೆ.

ನಿನ್ನ ಹತ್ತಿರ ಮುಚ್ಚಿಡುವುದೇನಿದೆ? ಆ ಕಾಲದಲ್ಲಿ ಆ ಟಂಕಸಾಲೆ ವರ್ಷಕ್ಕೆ ಎರಡು ಕೋಟಿ ಪೆಸೋ ಮೀರಿ ನಾಣ್ಯ ಹೊಡೆಯುತ್ತಿತ್ತು. ಹಾಗಾಗಿ ತೂತಿಲ್ಲದಿದ್ದರೂ ಇದು ಅಪರೂಪದ್ದಲ್ಲ. ತೂತಿದ್ದರಂತೂ ಸಂಗ್ರಹ ಮಾಡುವವರು ಬೆಲೆ ತುಂಬ ಇಳಿಸಿಬಿಡುತ್ತಾರೆ. ಅಂಗಡಿಯವನು ಅವನ ಲೆಕ್ಕ ಹೇಳಿದ. ತೂತು ಮುಚ್ಚಿಸಿದರೆ ಮಾತ್ರ ಇನ್ನೂ ಕೆಡುತ್ತದೆ. ಬೆಸುಗೆ ಹಾಕಿದ ಜಾಗದಲ್ಲಿ ಬೆಳ್ಳಿಯ ಬಣ್ಣ ಬೇರೆ ಕಾಣುತ್ತದೆ, ಅಕ್ಷರದ ಗೆರೆ ಕೂಡುವುದಿಲ್ಲ. ಪಳಗಿದ ಕಣ್ಣಿಗೆ ಅದು ತಕ್ಷಣ ಸಿಕ್ಕಿಬೀಳುತ್ತದೆ. ಆಮೇಲೆ ಉಳಿದ ಭಾಗದ ಮೇಲೂ ಅನುಮಾನ ಶುರು.

ಆದರೆ ನೀನು ಕೇಳಿದ್ದು ಬೆಲೆಯಲ್ಲ, ಅಲ್ವಾ? ಅತ್ತೆಯ ಮನಸ್ಸು.

ಆ ತೂತನ್ನೇ ಸರಿಯಾಗಿ ನೋಡು. ರಾಜನ ನೆತ್ತಿಯ ನೇರಕ್ಕೆ ಇದೆ. ದಾರದಲ್ಲಿ ತೂಗುಹಾಕಿದರೆ ಮುಖ ನೆಟ್ಟಗೆ ನಿಲ್ಲಬೇಕು ಅಂತ ಯಾರೋ ಅಳೆದು ಹೊಡೆದ ತೂತು ಅದು. ಅಂಚು ಚೂಪಾಗಿಲ್ಲ, ನುಣ್ಣಗಾಗಿದೆ. ಮೇಲ್ಭಾಗ ದಾರದ ಎಳೆತಕ್ಕೆ ಸ್ವಲ್ಪ ಉದ್ದವಾಗಿದೆ. ಒಳಗಿನ ಕಪ್ಪು, ಹೊರಗಿನ ಕಪ್ಪು ಒಂದೇ. ಮೊನ್ನೆ ಕೊರೆದದ್ದಾಗಿದ್ದರೆ ಒಳಗೆ ಹೊಳೆಯುತ್ತಿತ್ತು. ಕಂಬಗಳಿರುವ ಕಡೆ ಜಾಸ್ತಿ ಸವೆದಿದೆ, ಎದೆಗೆ ತಾಗುತ್ತಿದ್ದ ಕಡೆ ಅದೇ ಇರಬೇಕು. ಪುಟ್ಟಿ, ಇದು ನಾಲ್ಕು ದಿನದಲ್ಲಿ ಆಗುವ ಸವಕಲಲ್ಲ. ಯಾರದೋ ಕೊರಳಲ್ಲಿ, ಬಹುಶಃ ಒಬ್ಬರಲ್ಲ ಹಲವರ ಕೊರಳಲ್ಲಿ ಇದ್ದದ್ದು.

ಇದರ ಜೊತೆ ಹುಟ್ಟಿದ ನಾಣ್ಯಗಳು ಎಲ್ಲೆಲ್ಲಿಗೆ ಹೋದವು ಗೊತ್ತಾ? ಮೆಕ್ಸಿಕೋದ ಅಕಾಪುಲ್ಕೋ ಬಂದರಿನಿಂದ ಹಡಗು ಹತ್ತಿ ಫಿಲಿಪೈನ್ಸ್‌ನ ಮನಿಲಾಕ್ಕೆ, ಅಲ್ಲಿಂದ ಚೀನಾಕ್ಕೆ. ಚೀನಾದ ವ್ಯಾಪಾರಿಗಳು ಪರೀಕ್ಷೆ ಮಾಡಿ ತಮ್ಮ ಪುಟ್ಟ ಮುದ್ರೆ ಒತ್ತುತ್ತಿದ್ದರು. ನಿನ್ನದರ ಮೇಲೆ ಅಂಥ ಮುದ್ರೆ ಒಂದೂ ಕಾಣಲಿಲ್ಲ. ನಮ್ಮ ಮದರಾಸಿಗೂ ಇವು ಬಂದಿದ್ದವು. 1812ರಲ್ಲಿ ಅಲ್ಲಿಂದಲೇ 40,000 ಸ್ಪ್ಯಾನಿಷ್ ಡಾಲರ್ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಹೋದವು. ಅಲ್ಲಿನ ಗವರ್ನರ್ ಮ್ಯಾಕ್ವಾರಿ ಒಂದೊಂದು ನಾಣ್ಯದ ನಟ್ಟನಡುವೆ ದೊಡ್ಡ ತೂತು ಹೊಡೆಸಿದ. ಯಾಕೆ? ಬಂದ ಹಡಗಿನಲ್ಲೇ ಬೆಳ್ಳಿ ವಾಪಸ್ ಹೋಗದಿರಲಿ, ನಮ್ಮಲ್ಲೇ ಉಳಿಯಲಿ ಅಂತ. ಹೊರಗಿನ ಬಳೆಗೆ ಐದು ಶಿಲ್ಲಿಂಗ್, ಒಳಗಿನ ಬಿಲ್ಲೆಗೆ ಹದಿನೈದು ಪೆನ್ಸ್ ಬೆಲೆ ಕಟ್ಟಿದರು. ಆ ಬಳೆಗಳು ಈಗ ಉಳಿದಿರುವುದು ಸುಮಾರು 300 ಮಾತ್ರ, ಅವಕ್ಕೆ ಬಂಗಾರದ ಬೆಲೆಯಲ್ಲ, ಮನೆಯ ಬೆಲೆ. ನಿನ್ನದು ಆ ಜಾತಿಯದಲ್ಲ, ಆಸೆ ಹುಟ್ಟಿಸಲು ಹೇಳುತ್ತಿಲ್ಲ. ತೂತು ಹೊಡೆಯುವುದು ಬೇಡವಾದದ್ದಕ್ಕೆ ಅಂತ ನೀನು ತಿಳಿದಿದ್ದೀಯಲ್ಲ, ಅದಕ್ಕೆ ಹೇಳಿದೆ. ಖರ್ಚಾಗಬಾರದು ಅನ್ನಿಸಿದ್ದಕ್ಕೇ ಜನ ತೂತು ಹೊಡೆಯುವುದು.

ನಿಮ್ಮಜ್ಜಿಯ ರೂಪಾಯಿ ಸರದ ಕಥೆ ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ್ದೊಂದಿದೆ. 1980ರಲ್ಲಿ ಬೆಳ್ಳಿ ಬೆಲೆ ಏರಿದಾಗ ನಾನು ಬೆಳ್ಳಿ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕೂರುತ್ತಿದ್ದೆ. ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಸರ ತರುತ್ತಿದ್ದರು. ವಿಕ್ಟೋರಿಯಾ ರೂಪಾಯಿಗಳು, ಕೆಲವಕ್ಕೆ ಕೊಂಡಿ, ಕೆಲವಕ್ಕೆ ತೂತು. ಕೊಂಡಿ ಕತ್ತರಿಸಿ ಮೂಸೆಗೆ ಹಾಕುವುದು. ಅಮ್ಮನ ಸರವೂ ಹಾಗೇ ಬಂತು. ತೂಗಿದವನು ನಾನೇ. ಮನೆಯ ಕಷ್ಟಕ್ಕೆ ಆದದ್ದು, ಅದರ ಬಗ್ಗೆ ಮಾತಿಲ್ಲ. ಆದರೆ ಅದರಲ್ಲಿ ಒಂದು ರೂಪಾಯಿ ಪೂರ್ತಿ ನುಣ್ಣಗಾಗಿತ್ತು, ರಾಣಿಯ ಮೂಗೂ ಉಳಿದಿರಲಿಲ್ಲ. ಅಮ್ಮ ಅದನ್ನು ಮಾತ್ರ ಕೈಯಲ್ಲಿ ಹಿಡಿದು ಹಿಡಿದು ಕೊನೆಗೆ ತಕ್ಕಡಿಗೆ ಹಾಕಿದರು. ಯಾರು ಕೊಟ್ಟದ್ದಮ್ಮ ಅಂತ ಒಂದು ಮಾತು ಕೇಳಬಹುದಿತ್ತು. ಈಗ ಕೇಳೋಣ ಅಂದರೆ ಅವರಿಲ್ಲ. ನಿನ್ನ ಕಾಗದ ಓದಿದಾಗಿನಿಂದ ಅದೇ ತಲೆಯಲ್ಲಿದೆ.

ಅದಕ್ಕೇ ಹೇಳುತ್ತೇನೆ, ಅತ್ತೆ ನಿನ್ನನ್ನು ತೂಗಿದರು ಅಂತ ಈಗಲೇ ತೀರ್ಮಾನ ಮಾಡಬೇಡ. ಓರಗಿತ್ತಿಗೆ ಕೊಟ್ಟ ಸರ ಅಂಗಡಿಯಿಂದ ತಂದದ್ದು ಅಂತ ನೀನೇ ಬರೆದಿದ್ದೀಯ. ನಿನಗೆ ಕೊಟ್ಟದ್ದು ಅವರ ಕೊರಳಿನಿಂದ ತೆಗೆದು.

ಒಂದೆರಡು ಪರೀಕ್ಷೆ ಬೇಕಿದ್ದರೆ ಮಾಡು, ಬೇಡವಾದರೆ ಬಿಡು. ಹೊಸದರಲ್ಲಿ ಇದರ ತೂಕ 27 ಗ್ರಾಂ ಇತ್ತು. ಸವೆದು ತೂತಾದ ಮೇಲೆ 25, 26 ಬಂದರೆ ಗಾಬರಿ ಬೇಡ. ಪಾಯಿಂಟ್ ಲೆಕ್ಕ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡು. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರಲ್ಲಿ ಮುಳುಗಿಸು, ತೂತು ಇಲ್ಲಿ ಉಪಯೋಗಕ್ಕೇ ಬಂತು. ಈಗ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸು. 10.3ರ ಆಸುಪಾಸು ಬಂದರೆ ಬೆಳ್ಳಿ ಸರಿಯಾಗಿದೆ. 9ಕ್ಕಿಂತ ಕೆಳಗೆ ಇಳಿದರೆ ಬೇರೆ ಲೋಹ. ಇನ್ನೊಂದು, ನಾಣ್ಯದ ಪಕ್ಕದ ಅಂಚಿನಲ್ಲಿ ಒಂದು ಸುತ್ತು, ಒಂದು ಚೌಕ, ಹೀಗೆ ಸಾಲಾಗಿ ಕೆತ್ತನೆ ಇರಬೇಕು. ಬರೀ ನೇರ ಗೆರೆಗಳಿದ್ದರೆ ನನಗೆ ತಿಳಿಸು. ಕಪ್ಪು ಹೋಗಲಿ ಅಂತ ಹುಣಸೆಹಣ್ಣು, ವಿಭೂತಿ, ಪೇಸ್ಟು ಏನೂ ಹಚ್ಚಬೇಡ. ಸುಮ್ನೆ ಹತ್ತಿಬಟ್ಟೆಯಲ್ಲಿ ಸುತ್ತಿಡು. ಇಷ್ಟು ದೂರದಿಂದ ಇದಕ್ಕಿಂತ ಹೆಚ್ಚು ಹೇಳಲು ನನಗೂ ಆಗುವುದಿಲ್ಲ.

ಬಂದಷ್ಟು ಸ್ಪ್ಯಾನಿಷ್‌ನಲ್ಲೇ ಅತ್ತೆಯನ್ನು ಕೇಳು, ಇದು ಅವರಿಗೆ ಯಾರಿಂದ ಬಂತು ಅಂತ. ಅವರು ಏನೂ ಹೇಳದೆ ಹೋದರೆ ಅದನ್ನೂ ಬರಿ. ಅಂಚಿನ ಫೋಟೋ ಕಳಿಸುವುದು ಮರೆಯಬೇಡ, ಹೋದ ಸಲ ಅದೊಂದು ಕಳಿಸಿರಲಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ