ಸ್ಟೇರಿಂಗ್ ಕಾಲಂ ರೀಕಾಲ್: ಎರಡನೇ ಮಾಲೀಕರಿಗೂ ಸುದ್ದಿ ಮುಟ್ಟಲಿ

ಮಾನ್ಯ ಸಂಪಾದಕರೇ,

ಬೆಂಗಳೂರು, ಪುಣೆ, ಮುಂಬೈಗಳಲ್ಲಿ ನಾಲ್ಕಾರು ವರ್ಷ ಓಡಿದ ಸ್ಪೋರ್ಟ್ಸ್ ಕಾರುಗಳು ಈಗ ಹುಬ್ಬಳ್ಳಿ–ಧಾರವಾಡದ ರಸ್ತೆಗಳಲ್ಲೂ ಕಾಣುತ್ತಿವೆ. ಕೊಳ್ಳುವವರು ಎಂಜಿನ್ ಸದ್ದು ಕೇಳುತ್ತಾರೆ, ಟೈರ್ ನೋಡುತ್ತಾರೆ, ಇನ್ಶೂರೆನ್ಸ್ ಕಾಗದ ತಿರುವಿ ಹಾಕುತ್ತಾರೆ. ಈ ಗಾಡಿಯ ಮೇಲೆ ರೀಕಾಲ್ ಬಾಕಿ ಇದೆಯೇ ಎಂದು ಕೇಳುವವರು ಮಾತ್ರ ಅಪರೂಪ. ತಯಾರಕರು ತಮ್ಮ ಗಾಡಿಯಲ್ಲಿ ದೋಷವಿದೆ ಎಂದು ಒಪ್ಪಿಕೊಂಡು, ವಾಪಸ್ ಕರೆಸಿ, ಪುಕ್ಕಟೆ ಸರಿಪಡಿಸಿಕೊಡುವುದೇ ರೀಕಾಲ್. ಅದರ ಪತ್ರ, ಫೋನು ಹೋಗುವುದು ಕಂಪನಿಯ ದಾಖಲೆಯಲ್ಲಿರುವ ವಿಳಾಸಕ್ಕೆ. ಗಾಡಿ ಕೈ ಬದಲಾಗಿದ್ದರೆ ಸುದ್ದಿ ಮೊದಲ ಮಾಲೀಕರ ಹತ್ತಿರವೇ ನಿಂತುಬಿಡುತ್ತದೆ. ಮ್ಯೂಸಿಕ್ ಸಿಸ್ಟಮ್ಮಿನ ದೋಷವಾದರೆ ತಡೆದುಕೊಳ್ಳಬಹುದು, ಸ್ಟೇರಿಂಗ್ ಕಾಲಂ, ಅಂದರೆ ಸ್ಟೇರಿಂಗ್ ಚಕ್ರವನ್ನು ಹೊತ್ತ ಕಂಬದ ದೋಷಕ್ಕೆ ಆ ಸವಲತ್ತಿಲ್ಲ.

ಬ್ರೇಕಿಗೆ ಎರಡು ಪ್ರತ್ಯೇಕ ಲೈನ್‌ಗಳಿರುತ್ತವೆ, ಮೇಲೆ ಹ್ಯಾಂಡ್‌ಬ್ರೇಕ್ ಇದೆ. ಸ್ಟೇರಿಂಗಿಗೆ ಇರುವುದು ಒಂದೇ ದಾರಿ: ಕೈಯಲ್ಲಿ ಹಿಡಿಯುವ ಸ್ಟೇರಿಂಗ್ ಚಕ್ರದಿಂದ ಕಾಲಂ ಶಾಫ್ಟ್, ಅಲ್ಲಿಂದ ಯುನಿವರ್ಸಲ್ ಜಾಯಿಂಟ್ ಎಂಬ ಕೀಲು, ಇಂಟರ್‌ಮೀಡಿಯೆಟ್ ಶಾಫ್ಟ್, ಕೊನೆಗೆ ಟೈರ್ ತಿರುಗಿಸುವ ರ‍್ಯಾಕಿನ ಪಿನಿಯನ್ (ಹಲ್ಲುಗಾಲಿ). ಈ ಸಾಲಿನಲ್ಲಿ ಎಲ್ಲಿ ಕಳಚಿದರೂ ಕೈಯಲ್ಲಿ ಚಕ್ರ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ಗಬ್ಬೂರು–ನರೇಂದ್ರ ಬೈಪಾಸಿನಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಎದುರಿನ ಲೇನಿಗೆ ವಾಲುವುದಕ್ಕೆ ಹೆಚ್ಚು ಹೊತ್ತು ಬೇಡ.

ಕಳಚದೆಯೂ ಕಾಲಂ ಕೈಕೊಡಬಹುದು. ಜನರಲ್ ಮೋಟಾರ್ಸ್ ತನ್ನ ಷೆವರ್ಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ 1997ರಿಂದ 2004ರವರೆಗಿನ ಮಾಡೆಲ್‌ಗಳನ್ನು ಅಮೆರಿಕದಲ್ಲಿ 2004ರಲ್ಲಿ ವಾಪಸ್ ಕರೆಸಿತು. ಅದರಲ್ಲಿ ಕೀ ತೆಗೆದೊಡನೆ ಸ್ಟೇರಿಂಗನ್ನು ಲಾಕ್ ಮಾಡುವ, ಸ್ಟಾರ್ಟ್ ಮಾಡಿದಾಗ ಬಿಡಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇತ್ತು. ಲಾಕ್ ಬಿಡದಿದ್ದರೆ ಪೆಟ್ರೋಲ್ ಪೂರೈಕೆ ನಿಂತು ಗಾಡಿ ಚಲಿಸದಂತೆ ತಡೆಯುವ ಏರ್ಪಾಡೂ ಇತ್ತು. ಆದರೆ ಲಾಕಿಗೆ ಹೋಗುವ ವೋಲ್ಟೇಜ್ ಕಡಿಮೆಯಾದಂಥ ಕೆಲವು ಸಂದರ್ಭಗಳಲ್ಲಿ ಆ ಕಾವಲು ಕೆಲಸ ಮಾಡದೆ, ಸ್ಟೇರಿಂಗ್ ಲಾಕ್ ಆಗಿರುವಾಗಲೇ ಕಾರು ಮುಂದೆ ಹೋಗುವ ಸಾಧ್ಯತೆ ಇತ್ತು. ಇಂಥ ಲಾಕ್ ಇರುವ ಯಾವುದೇ ಕಾರಿಗೆ ಇದರಿಂದ ಕಲಿಯಬೇಕಾದ್ದಿದೆ: ಬ್ಯಾಟರಿ ವೀಕ್ ಇರುವಾಗ ತಳ್ಳಿಸಿ ಓಡಿಸಬೇಡಿ. ಸ್ಟಾರ್ಟ್ ಆದ ಮೇಲೆ ಚಕ್ರವನ್ನು ಎಡಕ್ಕೂ ಬಲಕ್ಕೂ ತುಸು ತಿರುಗಿಸಿ ನೋಡಿಯೇ ಗೇರ್ ಹಾಕಿ.

ಇದು ದುಬಾರಿ ಕಾರಿನವರ ಚಿಂತೆ ಎಂದು ಪಕ್ಕಕ್ಕೆ ಸರಿಸುವಂತಿಲ್ಲ. ಮಾರುತಿ ಸುಜುಕಿ 2013ರಲ್ಲಿ ಸ್ಟೇರಿಂಗ್ ಕಾಲಂ ಸಲುವಾಗಿಯೇ ಎರ್ಟಿಗಾ, ಸ್ವಿಫ್ಟ್, ಡಿಸೈರ್, ಎ-ಸ್ಟಾರ್ ಸೇರಿ 1,492 ಕಾರುಗಳನ್ನು ವಾಪಸ್ ಕರೆಸಿತ್ತು. 2023ರಲ್ಲಿ ಸ್ಟೇರಿಂಗ್ ತಿರುವನ್ನು ಟೈರಿಗೆ ಮುಟ್ಟಿಸುವ ಟೈ ರಾಡ್ ದೋಷಕ್ಕಾಗಿ ಎಸ್-ಪ್ರೆಸ್ಸೊ ಮತ್ತು ಈಕೋ ಸೇರಿ 87,599 ಗಾಡಿಗಳನ್ನು ಕರೆಸಿತು. 2024ರಲ್ಲಿ 2,555 ಆಲ್ಟೊ ಕೆ10 ಕಾರುಗಳ ಸ್ಟೇರಿಂಗ್ ಗೇರ್‌ಬಾಕ್ಸ್ ವಿಚಾರದಲ್ಲಿ, ಭಾಗ ಬದಲಾಯಿಸುವ ತನಕ ಗಾಡಿ ಓಡಿಸಲೇಬೇಡಿ ಎಂದು ತಿಳಿಸಿತು.

ರೀಕಾಲ್ ನೋಡುವುದು ಕಷ್ಟವೇನಲ್ಲ. ಆರ್‌ಸಿಯಲ್ಲಿ 17 ಅಕ್ಷರ–ಅಂಕಿಗಳ ಚಾಸಿ ನಂಬರ್ ಇರುತ್ತದೆ. ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಅದನ್ನು ಹಾಕಿದರೆ ಬಾಕಿ ಇದೆಯೋ ಇಲ್ಲವೋ ತಿಳಿಯುತ್ತದೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಈ ನಂಬರಿನಲ್ಲಿ ಬರುವುದಿಲ್ಲ. ಓ ಥರ ಕಾಣುವುದು ಸೊನ್ನೆ, ಐ ಥರ ಕಾಣುವುದು ಒಂದು. ಇಲ್ಲಿ ತಪ್ಪಾದರೆ ಉತ್ತರವೇ ಬರುವುದಿಲ್ಲ, ಅದನ್ನು ‘ಬಾಕಿ ಇಲ್ಲ’ ಎಂದು ಓದಿಕೊಂಡರೆ ಅಪಾಯ. ವಿದೇಶದಿಂದ ನೇರ ತರಿಸಿದ ಕಾರಾಗಿದ್ದರೆ ಆ ದೇಶದ ಪಟ್ಟಿಯನ್ನೂ ನೋಡಬೇಕು.

ಗಾಡಿಯನ್ನೂ ಕೈಯಾರೆ ಪರೀಕ್ಷಿಸಿ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಚಾಲೂ ಇಟ್ಟು, ಟೈರ್ ನೇರ ಮಾಡಿ, ಚಕ್ರವನ್ನು ಎರಡು ಬೆರಳಲ್ಲಿ ಅತ್ತಿತ್ತ ಆಡಿಸಿ. ಟೈರ್ ಅಲುಗುವ ಮುಂಚೆ ಚಕ್ರದ ಅಂಚು ಸುಮಾರು 30 ಮಿ.ಮೀ.ಗಿಂತ ಹೆಚ್ಚು ಆಡಿದರೆ ಸಾಧಾರಣ ಕಾರಿನಲ್ಲೂ ಅದು ದೋಷವೇ. ಸ್ಪೋರ್ಟ್ಸ್ ಕಾರಿನಲ್ಲಿ ಅದರ ಅರ್ಧ ಆಡಿದರೂ ಸುಮ್ಮನಿರಬಾರದು ಎನ್ನುವುದು ನಮ್ಮ ಅಭಿಪ್ರಾಯ. ಟಿಲ್ಟ್ ಲಿವರ್ ಬಿಗಿ ಮಾಡಿ ಚಕ್ರವನ್ನು ಮೇಲೆ–ಕೆಳಗೆ ಎಳೆದಾಗ ಕಟಕಟ ಎಂದರೆ ಕಾಲಂ ಬೇರಿಂಗೋ ಮೌಂಟಿಂಗ್ ಬೋಲ್ಟೋ ಸಡಿಲಾಗಿದೆ. ಆಮೇಲೆ ಒಬ್ಬರು ಚಕ್ರ ಆಡಿಸುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗಿನ ಯುನಿವರ್ಸಲ್ ಜಾಯಿಂಟ್ ನೋಡಲಿ. ಮೇಲಿನ ಭಾಗ ಮೊದಲು ತಿರುಗಿ, ಕೆಳಗಿನದು ತಡವಾಗಿ ತಿರುಗಿದರೆ ಜಾಯಿಂಟ್ ಅಥವಾ ಶಾಫ್ಟಿನ ಹಲ್ಲು ಸವೆದಿದೆ. ಇದನ್ನು ಜ್ಯಾಕ್ ಹಚ್ಚಿ ನೋಡಬೇಡಿ. ಟೈರ್ ನೆಲಕ್ಕೆ ಊರಿದ್ದರೇ ಭಾರ ಬೀಳುವುದು, ಆಗಲೇ ಪ್ಲೇ (ಸಡಿಲ) ಹೊರಬೀಳುವುದು. ಚಕ್ರದ ಒಂದು ಸುತ್ತಿಗೆ ಎರಡು ಕಡೆ ಗಟ್ಟಿಯಾಗಿ, ನಡುವೆ ಹಗುರಾದರೆ ಜಾಯಿಂಟ್ ಜಾಮ್ ಆಗಿದೆ. ನಮ್ಮ ಕಡೆಯ ಎರೆಮಣ್ಣಿನ ಧೂಳು, ಮಳೆಗಾಲದ ಕೆಸರು ಜಾಯಿಂಟಿನ ಹರಿದ ರಬ್ಬರ್ ಹೊದಿಕೆಯೊಳಗೆ ಹೊಕ್ಕರೆ ಈ ದೋಷ ಬೇಗ ಬರುತ್ತದೆ. ಹಂಪ್ ಮೇಲೆ ಮಾತ್ರ ಕೇಳುವ ಸದ್ದು ಬಹಳ ಸಲ ಸಸ್ಪೆನ್ಷನ್ನಿನದು ಅಥವಾ ಟೈ ರಾಡ್ ತುದಿಯದು. ಇವು ಯಾವುವೂ ವೀಲ್ ಅಲೈನ್‌ಮೆಂಟಿನಿಂದ ವಾಸಿಯಾಗುವುದಿಲ್ಲ.

ಕಾಲಂ ಬಿಚ್ಚುವ ಕೆಲಸದಲ್ಲಿ ಹೆಚ್ಚು ತಪ್ಪಾಗುವುದು ಒಂದು ಸಣ್ಣ ಬೋಲ್ಟಿನಲ್ಲಿ. ಜಾಯಿಂಟನ್ನು ಪಿನಿಯನ್ ಶಾಫ್ಟಿಗೆ ಹಿಡಿದಿಡುವ ಪಿಂಚ್ ಬೋಲ್ಟ್ ಅನೇಕ ಕಾರುಗಳಲ್ಲಿ ಶಾಫ್ಟಿನಲ್ಲಿ ಕೊರೆದ ತೋಡಿನೊಳಗೆ ಹಾದುಹೋಗಬೇಕು. ಶಾಫ್ಟ್ ಪೂರ್ತಿ ಒಳಗೆ ಕೂರದೆ ಬೋಲ್ಟ್ ಹೊರಗೇ ಉಳಿದರೆ, ಬಿಗಿಮಾಡಿದಾಗ ಪಾನಾಕ್ಕೆ ಗಟ್ಟಿಯೇ ಅನ್ನಿಸುತ್ತದೆ. ಹಿಡಿತ ಮಾತ್ರ ಬರೀ ಘರ್ಷಣೆಯ ಮೇಲೆ ನಿಂತಿರುತ್ತದೆ, ದಿನ ಕಳೆದಂತೆ ಜಾಯಿಂಟ್ ಮೇಲಕ್ಕೆ ಜಾರುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಎರಡೂ ಭಾಗಕ್ಕೆ ಪೇಂಟ್ ಗುರುತು ಹಾಕಬೇಕು. ಹಳೇ ಬೋಲ್ಟ್ ಬಿಟ್ಟು ಹೊಸದು ಹಾಕಬೇಕು, ಮ್ಯಾನ್ಯುಯಲ್ಲಿನ ಅಂಕಿಗೆ ಟಾರ್ಕ್ ರೆಂಚ್ ಇಟ್ಟು ಬಿಗಿಯಬೇಕು. ಏರ್‌ಬ್ಯಾಗ್ ಇರುವುದರಿಂದ ಬ್ಯಾಟರಿಯ ನೆಗೆಟಿವ್ ತೆಗೆದು, ಮ್ಯಾನ್ಯುಯಲ್ ಹೇಳಿದಷ್ಟು ನಿಮಿಷ ಕಾಯಬೇಕು. ಶಾಫ್ಟ್ ಬಿಡಿಸಿರುವಾಗ ಚಕ್ರ ಸುಮ್ಮನೆ ಸುತ್ತಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್ ಎಂಬ ತಂತಿ ಸುರುಳಿ ಹರಿದು ಹಾರ್ನ್, ಏರ್‌ಬ್ಯಾಗ್ ಎರಡೂ ಸಾಯುತ್ತವೆ; ಚಕ್ರವನ್ನು ಕಟ್ಟಿಡಬೇಕು. ಕೆಲಸ ಮುಗಿದ ಮೇಲೆ ಸ್ಟೇರಿಂಗ್ ಆ್ಯಂಗಲ್ ಸೆನ್ಸರನ್ನು ಸ್ಕ್ಯಾನರಿನಲ್ಲಿ ಸರಿಹೊಂದಿಸದಿದ್ದರೆ ಗಾಡಿ ಜಾರದಂತೆ ಹಿಡಿದಿಡುವ ಸ್ಟೆಬಿಲಿಟಿ ಕಂಟ್ರೋಲ್ ತಪ್ಪು ಲೆಕ್ಕ ಹಾಕುತ್ತದೆ. ಸವೆದ ಶಾಫ್ಟಿಗೆ ವೆಲ್ಡಿಂಗ್ ಮಾಡಿಸುವ ಮಾತಂತೂ ಬೇಡವೇ ಬೇಡ. ಢಿಕ್ಕಿಯಾದಾಗ ಕುಗ್ಗಲೆಂದೇ ಮಾಡಿದ ಕಾಲಂ ಅದು. ಕುಗ್ಗದಿದ್ದರೆ ನೇರ ಎದೆಗೆ ಬರುತ್ತದೆ.

ಬಹುತೇಕ ಸ್ಪೋರ್ಟ್ಸ್ ಕಾರುಗಳ ಅಧಿಕೃತ ಸರ್ವೀಸಿಗೆ ಇಲ್ಲಿಂದ ದೂರದ ಊರಿಗೇ ಹೋಗಬೇಕು. ಸ್ಟೇರಿಂಗ್ ರೀಕಾಲ್ ಬಾಕಿ ಇರುವ ಗಾಡಿಯನ್ನು ಓಡಿಸಿಕೊಂಡೂ ಹಗ್ಗ ಕಟ್ಟಿ ಎಳೆಸಿಕೊಂಡೂ ಹೋಗಬಾರದು, ಎಳೆಸುವಾಗಲೂ ತಿರುಗಿಸಬೇಕಾದ್ದು ಅದೇ ಸ್ಟೇರಿಂಗ್. ಕ್ಯಾರಿಯರ್ ಲಾರಿಯ ಮೇಲೆ ಕಳಿಸಿ. ಅದರ ಖರ್ಚನ್ನು ಕಂಪನಿ ಕೊಡುತ್ತದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿ, ಜಾಬ್ ಕಾರ್ಡಿನಲ್ಲಿ ರೀಕಾಲ್ ನಂಬರ್ ಬರೆಸಿಕೊಳ್ಳಿ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಂ ದೋಷಪೂರಿತ ವಾಹನ ವಾಪಸ್ ಕರೆಸಲು ಆದೇಶಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. 2021ರ ಏಪ್ರಿಲ್ 1ರಿಂದ ನಿಯಮಗಳೂ ಜಾರಿಯಲ್ಲಿವೆ, ವಾಹನ್ ಪೋರ್ಟಲ್‌ನಲ್ಲಿ ಮಾಲೀಕರು ದೂರು ದಾಖಲಿಸಬಹುದು. ಆದರೆ ಕಡ್ಡಾಯ ರೀಕಾಲ್ ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ಎರಡನೇ, ಮೂರನೇ ಕೈಗೆ ಬರುವಷ್ಟರಲ್ಲಿ ಅನೇಕ ಗಾಡಿಗಳಿಗೆ ಆ ವಯಸ್ಸು ದಾಟಿರುತ್ತದೆ.

ಇದಕ್ಕೆ ನಮ್ಮ ಆರ್‌ಟಿಒ ಕಚೇರಿಗಳಲ್ಲೇ ಒಂದು ದಾರಿ ಇದೆ. ಹೊರರಾಜ್ಯದ ಗಾಡಿ ನಮ್ಮ ಭಾಗದ ನೋಂದಣಿಯಾದ ಕೆಎ-25, 26, 27 ಅಥವಾ 63ಕ್ಕೆ ಬದಲಾಗುವಾಗ ಇನ್‌ಸ್ಪೆಕ್ಟರ್ ಹೇಗೂ ಚಾಸಿ ನಂಬರ್ ತಾಳೆ ನೋಡುತ್ತಾರೆ. ಅದೇ ನಂಬರಿನ ರೀಕಾಲ್ ಸ್ಥಿತಿಯ ಒಂದು ಪ್ರಿಂಟನ್ನು ಹೆಸರು ವರ್ಗಾವಣೆಯ ಫಾರಂ 29 ಮತ್ತು 30ರ ಜೊತೆ ಲಗತ್ತಿಸಬೇಕೆಂದು ಸಾರಿಗೆ ಇಲಾಖೆ ಸೂಚಿಸಲಿ. ಸುರಕ್ಷತೆಯ ರೀಕಾಲ್ ಬಾಕಿ ಇದ್ದರೆ ಕೊಳ್ಳುವವರ ಸಹಿ ಪಡೆದ ಮೇಲೆಯೇ ವರ್ಗಾವಣೆಯಾಗಲಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಆರ್‌ಟಿಒಗಳು ಆದೇಶಕ್ಕೆ ಕಾಯದೆ, ಚಾಸಿ ನಂಬರಿನಿಂದ ರೀಕಾಲ್ ನೋಡುವ ಕ್ರಮವನ್ನು ಕೌಂಟರ್ ಎದುರಿನ ಫಲಕದಲ್ಲಿ ಕನ್ನಡದಲ್ಲಿ ಬರೆಸಿ ಹಾಕಲಿ.

— ಮೋಟಾರು ತಂತ್ರಜ್ಞರು, ಗೋಕುಲ ರಸ್ತೆ, ಹುಬ್ಬಳ್ಳಿ